ದ್ರಾಕ್ಷಿ ಬಳ್ಳಿಯ ಹೋಮ್ ಥಿಯೇಟರ್

ಯಾರ ಮನೆಗೆ ಹೋದರೂ ಅವರ ಮೇಜು, ಕಪಾಟುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಚಟವೊಂದು ನನಗೆ ಇತ್ತೀಚೆಗೆ ಅಂಟಿಕೊಂಡಿದೆ. ಟೊಕ್ ಟೊಕ್ ಎಂದು ಗಟ್ಟಿಯಾಗಿ ಓಗೊಟ್ಟರೆ ಮರ. ಡಬ ಡಬ ಎಂದರೆ ಪ್ಲೈವುಡ್ಡು. ಏನೂ ಅನ್ನದೆ ಸುಮ್ಮನಿದ್ದರೆ ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿದ ಹಲಗೆ. ಮೊನ್ನೆ ದೆಹಲಿಯ ರೋಹಿಣಿ ಬಡಾವಣೆಯಲ್ಲಿ ಸಹೋದ್ಯೋಗಿಯೊಬ್ಬರ ಮಗನ ನಿಶ್ಚಿತಾರ್ಥಕ್ಕೆ ಹೋಗಿದ್ದಾಗ ಅವರ ಗೋಡೆ ಕಪಾಟನ್ನೂ ಹೀಗೇ ಮೈಮರೆತು ತಟ್ಟಿಬಿಟ್ಟೆ. ಒಳಗಿನಿಂದ ಗಂಡಸಿನ ದನಿಯೊಂದು "ಕೌನ್ ಹೈ ಭಾಯಿ? ಅಭೀ ಟೈಮ್ ಲಗೇಗಾ!" ಎಂದು ಕೂಗಿತು. ನಾನು ಕಪಾಟು ಅಂದುಕೊಂಡದ್ದು ಬಾತ್‌ರೂಮಿನ ಬಾಗಿಲು. ಅಂದಿನಿಂದ ನನ್ನ ಗಂಡ ಸತೀಶ, ಯಾರ ಮನೆಗೆ ಹೋದರೂ ನನ್ನ ಬಲಗೈ ಹಿಡಿದುಕೊಂಡೇ ಕೂರುತ್ತಾನೆ. ಈ ವಯಸ್ಸಿನಲ್ಲೂ ಎಷ್ಟು ಪ್ರೀತಿ ಎಂದು ನೋಡಿದವರು ಮೆಚ್ಚಿಕೊಳ್ಳುತ್ತಾರೆ.

ಈ ಚಟ ಹತ್ತಿದ್ದು ನಾನು ಮನೆಯಲ್ಲಿ ಹೋಮ್ ಥಿಯೇಟರ್ ಮಾಡಿಸಲು ಹೊರಟಾಗ. ಅದರ ಬೇರು ಮಾತ್ರ ತಿಪಟೂರಿನಲ್ಲಿದೆ.

ತಿಪಟೂರಿನಲ್ಲಿ ನಾವು ಬಾಡಿಗೆಗಿದ್ದ ಮನೆ ಟಾಕೀಸಿನ ಬೆನ್ನಿಗಿತ್ತು. ಅದರ ಹಿಂಗೋಡೆಗೂ ನಮ್ಮ ಅಡುಗೆಮನೆ ಕಿಟಕಿಗೂ ನಡುವೆ ಒಂದು ಹಸು ನುಗ್ಗಿದರೆ ತಿರುಗಲಾರದಷ್ಟು ಸಣ್ಣ ಸಂದಿ. ಆ ಗೋಡೆಯ ಒಳಮಗ್ಗುಲಿಗೇ ಪರದೆ, ಪರದೆಯ ಹಿಂದೆ ಸ್ಪೀಕರು. ನಾನೂ ನನ್ನ ತಂಗಿ ಉಮಾಳೂ ಹೋಂವರ್ಕ್ ಮಾಡುತ್ತ ಸಂಜೆಯ ಆಟವನ್ನು ಪೂರ್ತಿ ಕೇಳುತ್ತಿದ್ದೆವು. ನೋಡಲು ಅಮ್ಮ ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮ ಬಾಲ್ಯದ ಸಿನಿಮಾಗಳಿಗೆಲ್ಲ ಮುಖವಿಲ್ಲ, ಬರೀ ದನಿ. ಮುಖಗಳನ್ನು ನಾವೇ ಹಚ್ಚಿಕೊಳ್ಳುತ್ತಿದ್ದೆವು. ನಗುವ ಖಳನಾಯಕನಿಗೆ ನಮ್ಮ ಲೆಕ್ಕದ ಮೇಷ್ಟ್ರ ಮುಖ, ಅಳುವ ತಾಯಿಗೆ ಹಾಲಿನ ನಂಜಮ್ಮನ ಮುಖ. ಹೊಡೆದಾಟದ ಸದ್ದು ಕೇಳಿದರೆ ಇಡೀ ಊರಿನ ಹೆಂಚು ಹಾರಿಹೋಗುತ್ತಿದೆ ಎಂದು ನಾವು ಕಣ್ಣರಳಿಸುತ್ತಿದ್ದೆವು. ದೊಡ್ಡವಳಾದ ಮೇಲೆ ಆ ಸಿನಿಮಾಗಳಲ್ಲೊಂದನ್ನು ಟಿವಿಯಲ್ಲಿ ನೋಡಿದೆ. ಅಷ್ಟೆಲ್ಲ ಸದ್ದಿಗೆ ಮುರಿದದ್ದು ಒಂದೇ ಒಂದು ಕುರ್ಚಿ. ಅದೂ ಮೊದಲೇ ಮುರಿದಿದ್ದಂತೆ ಕಾಣುತ್ತಿತ್ತು. ನನಗೆ ಬಹಳ ಬೇಜಾರಾಯಿತು. ಸಿನಿಮಾ ಎಂದರೆ ಸದ್ದು ಎಂಬ ನಂಬಿಕೆಯನ್ನು ಮಾತ್ರ ಬಿಡಲಿಲ್ಲ.

ಹಾಗಾಗಿ ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಏಳನೇ ಮಹಡಿಯ ಫ್ಲ್ಯಾಟಿಗೆ ಕೊನೆಗೂ ಒಂದು ದೊಡ್ಡ ಟಿವಿ, ಸುತ್ತಲೂ ಇಡುವ ಸ್ಪೀಕರುಗಳು ಮತ್ತು ಗುಡುಗಿನಂಥ ತಗ್ಗು ಸದ್ದಿಗೆಂದೇ ಇರುವ ಸಬ್‌ವೂಫರ್ ಎಂಬ ದೊಡ್ಡ ಡಬ್ಬ ತಂದಾಗ ನನಗೆ ಖುಷಿಗೆ ನೆಲ ಕಾಣುತ್ತಿರಲಿಲ್ಲ. ಸತೀಶ ಹೌಜ್ ಖಾಸ್‌ನ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಪ್ರೊಫೆಸರ್. ದಿನವೆಲ್ಲ ಲ್ಯಾಬಿನಲ್ಲಿ ಯಂತ್ರಗಳ ಗುಂಯ್‌ಗುಡುವಿಕೆ ಕೇಳಿ ಬರುವ ಅವನಿಗೆ ಮನೆಯಲ್ಲಿ ಬೇಕಾದ್ದು ಮೌನ. ಆದರೂ ಪಾಪ, ಸ್ಪೀಕರಿನ ತಂತಿಗಳನ್ನೆಲ್ಲ ಅವನೇ ಜೋಡಿಸಿಕೊಟ್ಟ. ಮೊದಲ ದಿನ ಸಿನಿಮಾ ಹಾಕಿದೆವು. ಪರದೆಯ ಮೇಲೆ ಮೋಡ ಗುಡುಗಿದ್ದೇ ತಡ, ನಮ್ಮ ಹಳೆಯ ಪ್ಲೈವುಡ್ ಟಿವಿ ಸ್ಟ್ಯಾಂಡು ಜ್ವರ ಬಂದವರಂತೆ ಗಡಗಡ ನಡುಗಿತು. ಬಾಂಬು ಬಿದ್ದರೂ ಗಡಗಡ, ಆನೆ ನಡೆದರೂ ಗಡಗಡ, ನಾಯಕಿ ಬಾಗಿಲು ಹಾಕಿಕೊಂಡರೂ ಗಡಗಡ.

"ಮಮ್ಮಾ, ಯೇ ತೋ ಆಟೋದಲ್ಲಿ ಕೂತು ಪಿಕ್ಚರ್ ನೋಡಿದ ಹಾಗಿದೆ," ಎಂದಳು ಮಗಳು ತನ್ವಿ.

ಆಗಲೇ ತೀರ್ಮಾನಿಸಿದೆ. ಅಪ್ಪಟ ಮರದ್ದೇ ಆಗಬೇಕು. ಪ್ಲೈ ಬೇಡ, ಲ್ಯಾಮಿನೇಟ್ ಬೇಡ. ಇಡೀ ಗೋಡೆಯಗಲ, ಗಟ್ಟಿ ಶೀಶಮ್ ಮರದ್ದು. ಶೀಶಮ್ ಎಂದರೆ ನಮ್ಮ ಬೀಟೆಯ ಉತ್ತರದ ದಾಯಾದಿ. ನಡುವೆ ಟಿವಿ, ಕೆಳಗೆ ಆಂಪ್ಲಿಫೈಯರಿಗೆ ಗಾಳಿಯಾಡುವ ಗೂಡು, ಎರಡು ಬದಿಗೆ ಸ್ಪೀಕರು, ಒಂದು ತುದಿಯಲ್ಲಿ ಸಬ್‌ವೂಫರಿಗೆ ದೊಡ್ಡ ಗೂಡು. ಕೆತ್ತನೆ ಗಿತ್ತನೆ ಏನೂ ಇಲ್ಲದ ನೇರ, ಸರಳ ಗೆರೆಗಳು. ಆಫೀಸಿನ ಊಟದ ವೇಳೆಯಲ್ಲಿ ಕೂತು ನಾನೇ ಚಿತ್ರ ಬರೆದೆ. ನಾನು ಬರೆದ ಸರಳರೇಖೆಗಳು ಶಾಲೆಯಲ್ಲೂ ಸರಳವಾಗಿರಲಿಲ್ಲ, ಈಗಲೂ ಇರಲಿಲ್ಲ.

ಇಲ್ಲಿ ಅಮ್ಮನ ವಿಷಯ ಹೇಳಬೇಕು. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೆ ಬಂದಿದ್ದಳು. ತಿಪಟೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿ ನಿವೃತ್ತಳಾದವಳು. ಬಿಳಿ ಕ್ಯಾನ್ವಾಸ್ ಶೂ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಸೀರೆ, ಕೊರಳಲ್ಲಿ ವಿಷಲ್ಲು. ಅಮ್ಮ ಕೂಗಿದರೆ ಮೈದಾನದ ಆಚೆ ಮೇಯುವ ಎಮ್ಮೆಗಳೂ ನೆಟ್ಟಗೆ ನಿಲ್ಲುತ್ತಿದ್ದವು ಎನ್ನುತ್ತಿದ್ದರು. ಮನೆಯಲ್ಲೂ ಅಷ್ಟೇ, ನಾನು, ಉಮಾ, ಅಪ್ಪ ಮೂವರೂ ಸ್ನಾನಕ್ಕೆ ಸಾಲಾಗಿ ನಿಲ್ಲಬೇಕಿತ್ತು. ಅಂಥ ಅಮ್ಮ ಇಂದಿರಾಪುರಂನಲ್ಲಿ ಮಾತು ಕಳೆದುಕೊಂಡಳು. ಹಿಂದಿ ಬಾರದು. ಲಿಫ್ಟಿನಲ್ಲಿ ಯಾರಾದರೂ "ನಮಸ್ತೇ ಆಂಟಿಜೀ, ಕೈಸೀ ಹೈಂ?" ಎಂದರೆ ನಕ್ಕು ತಲೆಯಾಡಿಸುವುದು, ಇಲ್ಲದಿದ್ದರೆ ಬಾಲ್ಕನಿಯಲ್ಲಿ ಕೂತು ಕೆಳಗೆ ಅಡ್ಡಾದಿಡ್ಡಿ ನಿಲ್ಲಿಸಿದ ಕಾರುಗಳನ್ನು ನೋಡಿ ಸಂಕಟಪಡುವುದು. ನಾವು ಮೂವರೂ ಬೆಳಿಗ್ಗೆ ಹೋದರೆ ಸಂಜೆಯೇ ಬರುವವರು.

ಒಂದು ಭಾನುವಾರ, ಅವರೆಕಾಳು ಬಿಡಿಸುತ್ತ ಅಮ್ಮ ಹೇಳಿದಳು: "ವಿಜೀ, ತನ್ವಿ ಪರೀಕ್ಷೆ ಮುಗೀಲಿ. ಆಮೇಲೆ ನನಗೊಂದು ಟಿಕೆಟ್ ಮಾಡಿಸಿಬಿಡು. ಊರಲ್ಲಿ ಉಮಾ ಹತ್ರ ಇರ್ತೀನಿ."

"ಎಷ್ಟು ದಿನಕ್ಕಮ್ಮಾ?"

"ದಿನ ಯಾಕೆ ಎಣಿಸ್ತೀಯ? ಅಲ್ಲೇ ಇರ್ತೀನಿ ಅಂದೆ. ಇಲ್ಲಿ ನೀವೆಲ್ಲ ಚೆನ್ನಾಗೇ ನೋಡ್ಕೋತೀರಿ. ಆದ್ರೆ ನಾನು ಬಾಯಿ ಬಿಟ್ರೆ ಕೇಳೋರಿಲ್ಲ ಕಣೇ. ಟಿವಿ ಸ್ಟ್ಯಾಂಡಾದ್ರೂ ಗಡಗಡ ಅನ್ನತ್ತೆ."

ಅವರೆಕಾಯಿ ಸಿಪ್ಪೆಯನ್ನು ಕಾಳಿನ ಬಟ್ಟಲಿಗೂ ಕಾಳನ್ನು ಸಿಪ್ಪೆಗೂ ಹಾಕುತ್ತ ಕೂತೆ. ಅದನ್ನೂ ಅಮ್ಮನೇ ಸರಿ ಮಾಡಿದಳು.

ಆ ವಾರವೇ ಬಡಗಿ ಬಂದ. ಇಸ್ಲಾಮುದ್ದೀನ್ ಮಿಸ್ತ್ರಿ. ಮೆಹೆಂದಿ ಹಚ್ಚಿದ ಗಡ್ಡ, ಕಿವಿಗೆ ಪೆನ್ಸಿಲ್ಲು, ಮುಖದಲ್ಲಿ ದೊಡ್ಡ ಗಾಯಕರಿಗಿರುವಂಥ ಗತ್ತು. ಊರು ಸಹಾರನ್‌ಪುರ. ಮರದ ಕೆತ್ತನೆಗೇ ಹೆಸರಾದ ಊರದು. ನನ್ನ ಚಿತ್ರವನ್ನು ಕೈಯಲ್ಲಿ ಹಿಡಿದು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ನೋಡಿ, "ಇದರಲ್ಲಿ ಹೂವೆಲ್ಲಿ ಮೇಡಮ್‌ಜೀ?" ಎಂದು ಹಿಂದಿಯಲ್ಲಿ ಕೇಳಿದ.

"ಹೂವಿಲ್ಲ."

"ಎಲೆ?"

"ಎಲೆಯೂ ಇಲ್ಲ. ಪ್ಲೇನ್."

ಉಪ್ಪಿಲ್ಲದ ಬಿರಿಯಾನಿ ಮಾಡೆಂದವರನ್ನು ನೋಡುವಂತೆ ನನ್ನನ್ನು ನೋಡಿದ. "ಶೀಶಮ್‌ನಂಥ ಮರ ತಂದು ಪ್ಲೇನ್! ಒಂದು ಅಂಗೂರ್ ಕೀ ಬೇಲ್ ಆದರೂ ಇರಲಿ, ಅಂಚಿಗೆ." ಬೇಲ್ ಎಂದರೆ ಬಳ್ಳಿ. ನಾನು ದ್ರಾಕ್ಷಿ ಬಳ್ಳಿಯೂ ಬೇಡ ಎಂದೆ. ನಿಟ್ಟುಸಿರು ಬಿಟ್ಟು ಒಪ್ಪಿದ. ಆ ನಿಟ್ಟುಸಿರಿನ ಮೇಲೆ ನಾನು ಅಂದೇ ಸಂಶಯಪಡಬೇಕಿತ್ತು.

ಹಲಗೆಗಳು ಬಂದವು. ಹಾಲಿನ ಸೋಫಾ ನಮ್ಮ ಮಲಗುವ ಕೋಣೆ ಸೇರಿತು. ನಾವೆಲ್ಲ ಹೊರಗೆ ಹೋಗುವವರಾದ್ದರಿಂದ ಹಗಲು ಮನೆಯಲ್ಲಿರುವವಳು ಅಮ್ಮ ಒಬ್ಬಳೇ. "ನೀನು ಸುಮ್ಮನೆ ಕೂತಿರಮ್ಮ, ಅವನ ಪಾಡಿಗೆ ಅವನು ಕೆಲಸ ಮಾಡ್ತಾನೆ," ಎಂದು ಹೇಳಿ ಆಫೀಸಿಗೆ ಹೋದೆ. ಮೀಟಿಂಗಿನಲ್ಲಿದ್ದಾಗ ಫೋನು.

"ವಿಜೀ, ಇವನು ಹಲಗೆ ಓರೆಯಾಗಿ ಇಟ್ಕೊಂಡಿದಾನೆ. ಹೇಳು ಇವನಿಗೆ."

ಫೋನು ಕೈ ಬದಲಾಯಿತು. "ಮೇಡಮ್‌ಜೀ, ಮಾತಾಜೀ ಡಾಂಟ್ ರಹೀ ಹೈಂ. ಯಾಕೆ ಬೈತಿದಾರೆ ಅಂತಾನೇ ಗೊತ್ತಾಗ್ತಿಲ್ಲ."

ಮೀಟಿಂಗಿನ ನಡುವೆ ಪಿಸುದನಿಯಲ್ಲಿ ಕನ್ನಡದ ಬೈಗುಳವನ್ನು ಹಿಂದಿಯ ವಿನಯಕ್ಕೂ, ಹಿಂದಿಯ ಸಿಡುಕನ್ನು ಕನ್ನಡದ ಗೌರವಕ್ಕೂ ತಿರುಗಿಸುತ್ತ ಕೂತೆ. ಮರುದಿನವೂ ಅದೇ. ಅದರ ಮರುದಿನ ಮಾತ್ರ ಫೋನು ಬರಲೇ ಇಲ್ಲ. ನನಗೆ ಆತಂಕವಾಗಿ ಬೇಗ ಹೊರಟು ಬಂದೆ. ಲಿಫ್ಟಿನಿಂದ ಇಳಿಯುವಾಗಲೇ ಒಳಗಿನಿಂದ ಗಟ್ಟಿ ದನಿ:

"ದಾಹಿನೇ ಮುಡ್!"

ಬಾಗಿಲು ತೆರೆದೆ. ಇಸ್ಲಾಮುದ್ದೀನ್ ದೊಡ್ಡ ಹಲಗೆಯೊಂದನ್ನು ಅಪ್ಪಿಕೊಂಡು ಬಲಕ್ಕೆ ತಿರುಗುತ್ತಿದ್ದ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. "ಆಗೇ ಬಢ್... ಆಗೇ ಬಢ್... ಥಮ್!" ಅವನು ನಿಂತ. "ವಿಶ್ರಾಮ್!" ಹಲಗೆ ಗೋಡೆಗೆ ಒರಗಿತು.

ನಮ್ಮ ಕಡೆಯ ಶಾಲೆಗಳಲ್ಲಿ ಓದಿದವರಿಗೆಲ್ಲ ಗೊತ್ತು, ಡ್ರಿಲ್ಲಿನ ಆಜ್ಞೆಗಳೆಲ್ಲ ಹಿಂದಿಯಲ್ಲೇ. ಸಾವಧಾನ್, ಪೀಛೇ ಮುಡ್, ತೇಜ್ ಚಲ್. ಅಮ್ಮ ಇಡೀ ಜೀವಮಾನ ಹಿಂದಿಯಲ್ಲಿ ಕೂಗಿದವಳು. ಅದು ಒಂದು ಭಾಷೆ, ಅದನ್ನಾಡುವ ಜನ ಇದ್ದಾರೆ, ಅವರಿಗೆ ಅದು ಅರ್ಥವಾಗುತ್ತದೆ ಎಂಬುದು ಅವಳಿಗೆ ಹೊಳೆದಿರಲೇ ಇಲ್ಲ. ನನಗೂ ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ಮನೆ ಮೈದಾನವಾಯಿತು. ಮರ ನಯ ಮಾಡುವಾಗ ಅವಸರ ಮಾಡಿದರೆ "ಧೀರೇ ಚಲ್!" ಚಹಾ ಆದರೆ "ಲೈನ್ ತೋಡ್!" ಆಜ್ಞೆಗಳಲ್ಲಿ ಹೇಳಲಾಗದ್ದನ್ನು ಅಮ್ಮ ಕನ್ನಡದಲ್ಲಿ ಹೇಳುತ್ತಿದ್ದಳು, ಅವನು ಹಿಂದಿಯಲ್ಲಿ ಉತ್ತರಿಸುತ್ತಿದ್ದ. ಅಮ್ಮ ಅವನಿಗೆ ಕೊಬ್ಬರಿ ಮಿಠಾಯಿ ತಿನ್ನಿಸಿದಳು. ಅವನು ತನ್ನ ಮಗಳ ಮದುವೆಯ ಫೋಟೋಗಳನ್ನು ತೋರಿಸಿದ. ಸಂಜೆ ಊಟಕ್ಕೆ ಕೂತರೆ ಅಮ್ಮನ ಬಾಯಲ್ಲಿ ಅವನದೇ ವರದಿ. "ಪಾಪ, ದೊಡ್ಡ ಅಳಿಯ ಸರಿಯಿಲ್ವಂತೆ. ಚಿಕ್ಕೋನು ಬಂಗಾರ." ಈ ವಿವರ ಯಾವ ಭಾಷೆಯಲ್ಲಿ ಇವಳಿಗೆ ತಲುಪಿತು ಎಂದು ಸತೀಶ ನನ್ನ ಮುಖ ನೋಡುತ್ತಿದ್ದ.

ಎಲ್ಲ ಚೆನ್ನಾಗೇ ನಡೆದಿತ್ತು. ನಾನು ಆಫೀಸಿನ ಕೆಲಸದ ಮೇಲೆ ಜೈಪುರಕ್ಕೆ ಹೋಗಿ ಬರುವವರೆಗೆ.

ವಾಪಸು ಬಂದು ನೋಡಿದರೆ ಅರ್ಧಕ್ಕರ್ಧ ಎದ್ದು ನಿಂತಿದ್ದ ನನ್ನ ಸರಳ, ನೇರ, ಆಧುನಿಕ ಕಪಾಟಿನ ಅಂಚಿನುದ್ದಕ್ಕೂ ದ್ರಾಕ್ಷಿ ಬಳ್ಳಿ! ಎಲೆ, ಕುಡಿ, ಗೊಂಚಲು, ಒಂದು ಮೂಲೆಯಲ್ಲಿ ದ್ರಾಕ್ಷಿ ಕುಕ್ಕುವ ಗಿಳಿ ಬೇರೆ. ಅದಿರಲಿ, ಸಬ್‌ವೂಫರಿನ ಗೂಡು ಎಲ್ಲಿ? ಅದರ ಜಾಗದಲ್ಲಿ ಒಂದರ ಮೇಲೊಂದು ಡ್ರಾಯರುಗಳು ಕೂತಿದ್ದವು.

"ಯಾರು ಹೇಳಿದ್ದು ಇದನ್ನೆಲ್ಲ ಮಾಡೋಕೆ?" ದನಿ ಏರಿತು.

ಇಸ್ಲಾಮುದ್ದೀನ್ ಛಾವಣಿ ನೋಡಿದ.

"ನಾನೇ," ಎಂದಳು ಅಮ್ಮ. "ಬೋಳುಬೋಳಾಗಿತ್ತು ಕಣೇ. ಅವನಿಗೆ ಬೇಲ್ ಬೇಕು ಅಂತ ಎಷ್ಟು ಆಸೆ! ಹಾಕು ಅಂದೆ. ಅಷ್ಟು ದೊಡ್ಡ ಗೂಡು ಖಾಲಿ ಬಿಟ್ರೆ ಧೂಳು ತುಂಬತ್ತೆ ಅಂತ ಡ್ರಾಯರ್ ಮಾಡಿಸಿದೆ. ಬೆಡ್‌ಶೀಟ್ ಇಟ್ಕೋಬಹುದು."

"ಅಮ್ಮಾ, ಹೋಮ್ ಥಿಯೇಟರಲ್ಲಿ ಬೆಡ್‌ಶೀಟ್ ಯಾರು ಇಡ್ತಾರೆ? ನನ್ನನ್ನ ಒಂದು ಮಾತು ಕೇಳಬಾರದಾ? ಕಿತ್ತು ಮೊದಲಿನ ಹಾಗೇ ಮಾಡಲಿ."

ಅಮ್ಮ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ಹೆಗಲ ಮೇಲೆ ಹಾಕಿಕೊಂಡಳು. "ನಿನ್ನ ವಸ್ತು, ನಿನ್ನ ಇಷ್ಟ," ಎಂದಷ್ಟೇ ಹೇಳಿ ತನ್ನ ಕೋಣೆಗೆ ಹೋದಳು. ತಿರುಗಿ ಕೂಗಾಡಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಲಿಫ್ಟಿನಲ್ಲಿ ಅಪರಿಚಿತರಿಗೆ ತೋರಿಸುವ ಆ ಮುಖವನ್ನು ನನಗೆ ತೋರಿಸಿ ಹೋದಳು. ರಾತ್ರಿ ಊಟಕ್ಕೂ ಆ ಮುಖವೇ ಬಂದಿತ್ತು.

ಮರುದಿನ ಆಫೀಸಿಗೆ ಫೋನು. ಇಸ್ಲಾಮುದ್ದೀನ್.

"ಮೇಡಮ್‌ಜೀ, ಇವತ್ತು ಕೆಲಸ ಆಗೋದಿಲ್ಲ."

"ಕ್ಯೋಂ? ಕ್ಯಾ ಹುವಾ?"

"ಮಾತಾಜೀ ಹೊರಗೇ ಬಂದಿಲ್ಲ. ಬಾಗಿಲು ತಟ್ಟಿದೆ, ತಲೆನೋವು ಅಂತ ಕೈಸನ್ನೆ ಮಾಡಿದರು. ಹಲಗೆ ಹಿಡ್ಕೊಂಡು ಒಬ್ಬನೇ ತಿರುಗ್ತಿದೀನಿ, ಥಮ್ ಅನ್ನೋರೇ ಇಲ್ಲ. ಬಳ್ಳಿ ಕೀಳಬೇಕಾದರೆ ನೀವೇ ಬಂದು ಕೀಳಿ. ನನ್ನ ಕೈ ಏಳೋದಿಲ್ಲ. ಆ ಗಿಳಿ ಮಾತಾಜೀಗೆ ಅಂತಲೇ ಮಾಡಿದ್ದು."

ರಜೆ ಹಾಕಿ ಮನೆಗೆ ಬಂದೆ. ಬಡಗಿ ಬಾಲ್ಕನಿಯಲ್ಲಿ ಬೀಡಿ ಸೇದುತ್ತ ಕೂತಿದ್ದ. ನಾನು ಹಾಲಿನಲ್ಲಿ ಒಬ್ಬಳೇ ನಿಂತು ಕಪಾಟನ್ನು ಮೊದಲ ಸಲ ಸರಿಯಾಗಿ ನೋಡಿದೆ. ನಿಜ ಹೇಳಬೇಕೆಂದರೆ ದ್ರಾಕ್ಷಿ ಗೊಂಚಲು ಸ್ವಲ್ಪ ಹಲಸಿನ ಹಣ್ಣಿನ ಹಾಗಿತ್ತು. ಗಿಳಿಗೆ ಮಾತ್ರ ಎಂಥ ಗತ್ತು! ಕತ್ತು ನೆಟ್ಟಗೆ, ಎದೆ ಮುಂದಕ್ಕೆ, ಕಾಲು ಜೋಡಿಸಿ ನಿಂತಿತ್ತು. ಯಾರನ್ನು ನೋಡಿ ಕೆತ್ತಿದ್ದಾನೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ನಗುವಿನ ನಡುವೆ ಯಾಕೋ ಕಣ್ಣೂ ತುಂಬಿತು.

ಸ್ಪೀಕರು ಅಂಗಡಿಯ ಹುಡುಗಿಗೆ ಫೋನ್ ಮಾಡಿ, ಸಬ್‌ವೂಫರನ್ನು ಕಪಾಟಿನ ಒಳಗಿಡದಿದ್ದರೆ ನಡೆಯುತ್ತದಾ ಎಂದು ಕೇಳಿದೆ. "ಮ್ಯಾಮ್, ಒಳಗೆ ಇಡಲೇಬಾರದು. ಹೊರಗೆ ನೆಲದ ಮೇಲಿಟ್ಟರೇ ಸೌಂಡ್ ಚೆನ್ನಾಗಿರೋದು," ಎಂದಳು. ನಾನು ಅಮ್ಮನ ಬಾಗಿಲು ತಟ್ಟಿದೆ.

"ಅಮ್ಮಾ, ಆ ದೊಡ್ಡ ಡಬ್ಬ ಹೊರಗೇ ಇಡಬೇಕಂತೆ. ನಿನ್ನ ಡ್ರಾಯರ್ ಇರಲಿ. ಬಳ್ಳಿನೂ ಇರಲಿ."

ಮತ್ತೆ ತಟ್ಟಿದೆ.

"ಅಮ್ಮಾ, ಮಿಸ್ತ್ರಿ ಮೇಲಿನ ಹಲಗೆ ಕೂರಿಸಬೇಕು. ನನಗೆ ಎಡ ಬಲ ಹೇಳೋಕೆ ಬರಲ್ಲ. ಬಾ."

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಸೆರಗು ಆಗಲೇ ಸೊಂಟದಲ್ಲಿತ್ತು. "ನಾನು ಮೊದಲೇ ಹೇಳಲಿಲ್ವಾ, ಆ ಡಬ್ಬ ಹೊರಗಿಡಬೇಕು ಅಂತ?" ಎಂದಳು. ಹೇಳಿರಲಿಲ್ಲ. ಆದರೆ ಹಾಗೆನ್ನುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿದೆ? ಇಸ್ಲಾಮುದ್ದೀನ್ ಬೀಡಿ ಎಸೆದು ಎದ್ದು ನಿಂತ.

ಪಾಲಿಶ್ ಆರಿದ ಭಾನುವಾರ ಮೊದಲ ಆಟ. ಮಿಸ್ತ್ರಿಯನ್ನೂ ಕರೆದಿದ್ದೆವು. ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು, ಅತ್ತರು ಹಚ್ಚಿಕೊಂಡು ಬಂದ. ಕಿಟಕಿ ಪರದೆಗಳನ್ನೆಲ್ಲ ಎಳೆದು ಕತ್ತಲು ಮಾಡಿ ಸಿನಿಮಾ ಹಾಕಿದೆ. ಗುಡುಗಿತು. ನೆಲದಡಿಯಿಂದ ಎದ್ದು ಪಾದದ ಮೂಲಕ ಎದೆಗೆ ಬಂದು ನಿಂತಿತು ಆ ಸದ್ದು. ಶೀಶಮ್ ಕಮಕ್ ಕಿಮಕ್ ಎನ್ನಲಿಲ್ಲ. ನಾನು ಪುಳಕಗೊಂಡು ಪಕ್ಕಕ್ಕೆ ನೋಡಿದರೆ ಇಸ್ಲಾಮುದ್ದೀನ್ ಚಡಪಡಿಸುತ್ತಿದ್ದ.

"ಮೇಡಮ್‌ಜೀ, ಏಕ್ ಲೈಟ್ ಜಲಾ ದೀಜಿಯೇ. ಕತ್ತಲಲ್ಲಿ ಬಳ್ಳಿ ಕಾಣ್ತಿಲ್ಲ."

"ಅಜ್ಜಿ ಕೂಡ ಯಹೀ ಬೋಲ್ ರಹೀ ಹೈಂ," ಎಂದಳು ತನ್ವಿ. ಕೊನೆಗೆ ಒಂದು ದೀಪ ಹಾಕಿಕೊಂಡೇ ನೋಡಿದೆವು. ನಾವು ಮೂವರು ಸಿನಿಮಾ ನೋಡಿದೆವು, ಅವರಿಬ್ಬರು ಕಪಾಟು ನೋಡಿದರು.

ಅವನು ಹೋದ ಮೇಲೆ ಮನೆ ಸ್ವಚ್ಛವಾಯಿತು, ಮತ್ತೆ ಮೌನವಾಯಿತು. ತನ್ವಿಯ ಪರೀಕ್ಷೆಗಳೂ ಮುಗಿದವು. ಟಿಕೆಟ್ಟಿನ ಮಾತನ್ನು ನಾನು ಎತ್ತಲಿಲ್ಲ. ಅಮ್ಮ ಎತ್ತಿದಳು. ಭಾರವಾದ ಮನಸ್ಸಿನಿಂದ ಮಾಡಿಸಿದೆ. ಅಮ್ಮ ಸೂಟ್‌ಕೇಸ್ ಕೆಳಗಿಳಿಸಿ ಧೂಳು ಒರೆಸಿದಳು. ಉಮಾ ಅಲ್ಲಿ ಕೋಣೆಗೆ ಸುಣ್ಣ ಹೊಡೆಸಿದಳಂತೆ.

ಆಗ ಬಂದರು ನಮ್ಮ ನೆತ್ತಿಯ ಮೇಲಿನ ಫ್ಲ್ಯಾಟಿನ ಮಿಸೆಸ್ ಚಡ್ಡಾ. ಕುಟ್ಟುವ ಸದ್ದಿನ ಬಗ್ಗೆ ದೂರು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದವರು, ಸದ್ದು ನಿಂತ ಮೇಲೆ ಬಿಡುವು ಮಾಡಿಕೊಂಡು ಬಂದಿದ್ದರು. ದೂರು ಶುರು ಮಾಡಿದವರ ಕಣ್ಣು ಬಳ್ಳಿಯ ಮೇಲೆ ಬಿತ್ತು. "ಹಾಯ್ ರಬ್ಬಾ!" ಎಂದರು. ಗಿಳಿಯನ್ನು ಸವರಿದರು. ಅಂದೇ ಸಂಜೆ ನನ್ನಿಂದ ಇಸ್ಲಾಮುದ್ದೀನನ ನಂಬರು ಪಡೆದು ಊಟದ ಮನೆಗೊಂದು ದೊಡ್ಡ ಕಪಾಟು ಮಾಡಿಕೊಡೆಂದು ಕೇಳಿದರು. ಅವನು ಒಪ್ಪಿದನಂತೆ. ಒಂದೇ ಷರತ್ತು. ಏಳನೇ ಮಹಡಿಯ ಮಾತಾಜೀ ಎದುರು ನಿಲ್ಲಬೇಕು.

ಮಿಸೆಸ್ ಚಡ್ಡಾ ಕೆಳಗಿಳಿದು ಬಂದು ಅಮ್ಮನ ಎರಡೂ ಕೈ ಹಿಡಿದುಕೊಂಡರು. ಪಂಜಾಬಿಯಲ್ಲಿ ಏನೇನೋ ಬೇಡಿಕೊಂಡರು. ಅಮ್ಮ ಸೂಟ್‌ಕೇಸಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಏನಂತಾರೆ ಇವರು?"

ಹೇಳಿದೆ. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮರ ಒಣಗಿದ್ದೇ ತರಿಸಬೇಕು ಅಂತ ಹೇಳು," ಎಂದಳು.

ಹೀಗೆ, ಕಳೆದ ಶನಿವಾರ ನನಗೆ ಒಂದು ಅಪರೂಪದ ಮಧ್ಯಾಹ್ನ ಸಿಕ್ಕಿತು. ಸತೀಶ ಲ್ಯಾಬಿಗೆ, ತನ್ವಿ ಗೆಳತಿಯ ಮನೆಗೆ, ಅಮ್ಮ ಮೇಲಿನ ಮನೆಗೆ. ಕಡಲೆಕಾಯಿ ಹುರಿದುಕೊಂಡು, ಕಿಟಕಿ ಪರದೆ ಎಳೆದು, ಒಂದೂ ದೀಪ ಹಾಕದೆ, ಅಪ್ಪಟ ಕತ್ತಲಲ್ಲಿ ಕಾಲು ಚಾಚಿ ಕೂತೆ. ಸದ್ದನ್ನು ಬೇಕಾದಷ್ಟು ಏರಿಸಿದೆ. ಪರದೆಯ ಮೇಲೆ ಸೈನ್ಯಗಳು ಎದುರುಬದುರಾದವು. ಸಾವಿರ ಕುದುರೆಗಳು ನನ್ನ ಹಾಲಿನೊಳಗೇ ಓಡಿದವು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎಂಟನೇ ಮಹಡಿಯಿಂದ.

"ವಿಜೀ, ಸೌಂಡು ಕಮ್ಮಿ ಮಾಡೇ," ಎಂದಳು ಅಮ್ಮ. "ಇಲ್ಲಿ ನೆಲ ಅದುರ್ತಿದೆ, ಮಿಸ್ತ್ರಿಗೆ ಉಳಿ ಜಾರತ್ತೆ. ನಾವು ಕೆಲಸ ಮಾಡೋದು ಬೇಡ್ವಾ?"

ಕಮ್ಮಿ ಮಾಡಿದೆ. ಫೋನಿಡುವ ಮೊದಲು ಅವಳೇ ಮತ್ತೆ ಹೇಳಿದಳು:

"ಆಮೇಲೆ, ಉಮಾ ಫೋನ್ ಮಾಡಿದ್ರೆ ಅಮ್ಮ ಡ್ಯೂಟೀಲಿದಾಳೆ ಅಂತ ಹೇಳು."